ತೊಳೆದು ಕೊಟ್ಟ ಕಾರ್ಡುಗಳು

ಅತ್ತೆ ನನ್ನನ್ನು ಪಾಸು ಮಾಡಿಸಿಬಿಡುತ್ತಾರಲ್ಲ ಎಂಬ ಚಿಂತೆ ಅಂಟಿಕೊಂಡ ಮೇಲೆ ನನ್ನಿಂದ ಯಾವ ಕೆಲಸವೂ ನೆಟ್ಟಗೆ ಆಗುತ್ತಿರಲಿಲ್ಲ. ಹಾಲು ಉಕ್ಕಿಸಿದೆ. ಮಗುವಿಗೆ ಅಂಗಿ ಒಳಮೈ ಹೊರಗಾಗಿ ತೊಡಿಸಿದೆ. ಗಂಡ ಶ್ರೇಯಾಂಸ್‌ಗೆ ಹೇಳಿದರೆ, ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟುತ್ತಲೇ ನಕ್ಕುಬಿಟ್ಟರು.

"ಫೇಲ್ ಆಗ್ತೀನಿ ಅಂತ ಅಳೋರನ್ನ ನೋಡಿದ್ದೀನಿ. ಪಾಸಾಗ್ತೀನಿ ಅಂತ ಅಳೋಳು ಇಡೀ ಚನ್ನರಾಯಪಟ್ಟಣಕ್ಕೆ ನೀನೊಬ್ಬಳೇ ಕಣೆ ಜಿನಶ್ರೀ."

ನಗುವಂಥದ್ದೇ ಇರಬಹುದು. ಆದರೆ ನಾನು ಓದುತ್ತಿದ್ದ ವಿಶ್ವವಿದ್ಯಾಲಯದ ಕೊನೆಯ ಪರೀಕ್ಷೆ ಎಂಥದ್ದು ಅಂತ ತಿಳಿದರೆ ನನ್ನ ಪೇಚಾಟ ಸ್ವಲ್ಪವಾದರೂ ಅರ್ಥವಾದೀತು.

ನಾನು ಮೈಸೂರಿನವಳು. ಅಲ್ಲೇ ಡಿಗ್ರಿ ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದೆ. ಮಾವನ ಕಾಲದಿಂದಲೂ ಇವರದು ಪಾತ್ರೆ ಅಂಗಡಿ. ಮಗಳು ಸಿದ್ಧಿ ಹುಟ್ಟಿದ ಮೇಲೆ, ಮನೆಯಲ್ಲಿ ಕೂತು ತಲೆ ಕೆಡುವ ಮುಂಚೆ ಏನಾದರೂ ಮಾಡಬೇಕು ಅನ್ನಿಸಿ, ಹಾಸನದ ಒಂದು ವಿಶ್ವವಿದ್ಯಾಲಯಕ್ಕೆ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದೆ. ಅದಕ್ಕೆ ದೊಡ್ಡ ಕಟ್ಟಡವಿಲ್ಲ, ಹುಲ್ಲುಹಾಸಿಲ್ಲ. ಪಾಠಗಳೆಲ್ಲ ಫೋನಿಗೆ ಬರುತ್ತವೆ. ತಿಳಿಯದಿದ್ದರೆ ಫೋನಿನಲ್ಲೇ ಕನ್ನಡದಲ್ಲಿ ಕೇಳಬಹುದು, ಯಂತ್ರ ತಾಳ್ಮೆಯಿಂದ ಉತ್ತರಿಸುತ್ತದೆ. ಮಗು ಮಗ್ಗುಲಲ್ಲಿ ಮಲಗಿರುವಾಗ ಪಿಸುಗುಟ್ಟಿ ಕೇಳಿದರೂ ಬೇಸರಪಡುವುದಿಲ್ಲ. ಫೀಸು ಎಷ್ಟು ಕಡಿಮೆ ಎಂದರೆ, ಮೊದಲ ಸಲ ಕೇಳಿದಾಗ ಇದು ಮೋಸದ್ದೇ ಇರಬೇಕು ಅಂತ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಸುತ್ತಮುತ್ತಲ ಜನ ಅದನ್ನು ಕರೆಯುವುದೇ 'ಕಾರ್ಡ್ ಕಾಲೇಜು' ಅಂತ. ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಎಲ್ಲ ವಿಷಯವೂ ಮುಗಿದಿತ್ತು, ಕೊನೆಯದೊಂದನ್ನು ಬಿಟ್ಟು. ಅದು ಬರೆಯುವ ಪರೀಕ್ಷೆಯಲ್ಲ. ನಾವು ಒಂದು ಪಾಠ ಆರಿಸಿಕೊಳ್ಳಬೇಕು. ಆ ವಿಷಯ ಏನೇನೂ ಗೊತ್ತಿಲ್ಲದ ಒಬ್ಬರಿಗೆ ಅದನ್ನು ಹೇಳಿಕೊಡಬೇಕು. ಅವರನ್ನು 'ಕೇಳುಗರು' ಅನ್ನುತ್ತಾರೆ. ಕೇಳುಗರ ಹೆಸರನ್ನು ಆಫೀಸಿಗೆ ಫೋನ್ ಮಾಡಿ ತಿಳಿಸಬೇಕು. ಆಮೇಲೆ ಯಾವತ್ತೋ ಒಂದು ದಿನ ಹಾಸನದಿಂದ ಅವರಿಗೆ ಫೋನ್ ಬರುತ್ತದೆ. ಮಳೆಬೆಳೆ, ಸೊಂಟನೋವು ಅಂತ ಮಾತಾಡುತ್ತಾ ಆ ಪಾಠಕ್ಕೆ ಸೇರಿದ ಏನನ್ನೋ ಕೇಳುತ್ತಾರೆ. ಕೇಳುಗರಿಗೆ ತಿಳಿದಿದ್ದರೆ ನಾವು ಪಾಸು, ಇಲ್ಲದಿದ್ದರೆ ಇಲ್ಲ. ನಮ್ಮೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ನನಗಾಗಿ ಕಾದಿತ್ತು. ರಿಸಲ್ಟ್ ತಂದು ಸೇರಿಕೊಳ್ಳಿ ಅಂದಿದ್ದರು. ಮಗುವಾದ ಮೇಲೆ ಮನೆಯ ಹೊರಗೆ ನನಗೆ ಸಿಗಲಿದ್ದ ಮೊದಲ ಕುರ್ಚಿ ಅದು.

ಕೇಳುಗರಾಗಿ ಅತ್ತೆ ಚಕ್ರೇಶ್ವರಿ ತಾವಾಗಿಯೇ ಮುಂದೆ ಬಂದರು. ನಾನು ಆರಿಸಿಕೊಂಡದ್ದು ಸಂಭವನೀಯತೆಯ ಪಾಠ. ನೆಲದ ಮೇಲೆ ಚೌಕಾಬಾರದ ಮನೆ ಬರೆದು, ನಾಲ್ಕು ಕವಡೆ ಹಿಡಿದು ಹೇಳಿಕೊಟ್ಟೆ. ನಾಲ್ಕೂ ಅಂಗಾತ ಬೀಳುವ ಚೌಕ ಹಿಂದೆ ಎಷ್ಟು ಸಲ ಬಿದ್ದಿಲ್ಲ ಅನ್ನುವುದಕ್ಕೂ ಈಗ ಬೀಳುವುದಕ್ಕೂ ಸಂಬಂಧವಿಲ್ಲ, ಪ್ರತಿ ಎಸೆತವೂ ಹೊಸದು, ಕವಡೆಗೆ ನೆನಪಿಲ್ಲ ಅಂತ. ಅತ್ತೆ ಚಿಕ್ಕಂದಿನಿಂದ ಉದ್ದುದ್ದ ಸ್ತೋತ್ರಗಳನ್ನು ಬಾಯಿಪಾಠ ಮಾಡಿದವರು. ಒಂದು ಮಧ್ಯಾಹ್ನದಲ್ಲಿ ನನ್ನ ಪಾಠವನ್ನೂ ಅಲ್ಲಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಸಮೇತ ನುಂಗಿಬಿಟ್ಟರು.

"ಐದು ಹೆಣ್ಣು ಹುಟ್ಟಿದ ಮನೇಲಿ ಆರನೇದು ಗಂಡೇ ಆಗ್ಬೇಕಲ್ವಾ ಅತ್ತೆ?" ಅಂತ ಪರೀಕ್ಷಿಸಿದೆ.

"ಪ್ರತಿ ಸಲವೂ ಹೊಸದು. ಹಿಂದಿನದರ ನೆನಪು ಇರುವುದಿಲ್ಲ," ಅಂದರು, ಕಣ್ಣು ಮುಚ್ಚಿಕೊಂಡು.

ಮರುಕ್ಷಣವೇ ಕವಡೆ ಎತ್ತಿಕೊಂಡು, ಅಂಗೈಯಲ್ಲಿ ಉಜ್ಜಿ, "ಆಗಿನಿಂದ ಬಿದ್ದಿಲ್ಲ, ಈಗ ಬೀಳಲೇಬೇಕು ಬಾ," ಅಂತ ಎಸೆದರು.

ಇವರು ಫೋನಿನಲ್ಲಿ ತಡವರಿಸದೆ ಉತ್ತರ ಕೊಡುತ್ತಾರೆ. ನಾನು ಪಾಸಾಗುತ್ತೇನೆ. ಒಬ್ಬರಿಗೂ ಏನನ್ನೂ ಹೇಳಿಕೊಡದೆ ಹೋಗಿ ಮಕ್ಕಳ ಮುಂದೆ ನಿಲ್ಲುತ್ತೇನೆ. ಆ ಮಕ್ಕಳೂ ಕಣ್ಣು ಮುಚ್ಚಿ ಉತ್ತರ ಒಪ್ಪಿಸಿದರೆ? ಅವರಿಗೆ ತಿಳಿದಿದೆಯೋ ಇಲ್ಲವೋ ಅಂತ ನನಗೆ ಗೊತ್ತಾಗುವುದು ಹೇಗೆ? ಫೇಲಾದರೆ ಕೆಲಸವಿಲ್ಲ. ಪಾಸಾದರೆ ಈ ಹೆದರಿಕೆ. ಯಾವ ಕಡೆ ತಿರುಗಿದರೂ ಗೋಡೆ.

ಕೊನೆಗೆ, ನನಗೆ ಮಾಮೂಲಿ ಬರೆಯುವ ಪರೀಕ್ಷೆಯನ್ನೇ ಕೊಡಿ ಅಂತ ಕೇಳೋಣ ಅನ್ನಿಸಿತು. ಸಿದ್ಧಿಯನ್ನು ಸೊಂಟಕ್ಕೇರಿಸಿಕೊಂಡು ಹಾಸನದ ಬಸ್ಸು ಹತ್ತಿದೆ.

ಟೈರ್ ಅಂಗಡಿಯ ಮೇಲಿನ ಎರಡು ಮಹಡಿಗಳೇ ವಿಶ್ವವಿದ್ಯಾಲಯ. ಹೊರಗಿನ ಸದ್ದು ಬಾರದಿರಲೆಂದು ಒಂದು ಕೋಣೆಯ ಗೋಡೆಗಳಿಗೆಲ್ಲ ಹಾಸಿಗೆ ಒರಗಿಸಿ, ಒಳಗೆ ಯಾರೋ ಪಾಠ ರೆಕಾರ್ಡ್ ಮಾಡುತ್ತಿದ್ದರು. ಸಿದ್ಧಿ ಹಾಸಿಗೆ ಕಂಡದ್ದೇ ಕುಣಿಯಲು ಕೈ ಬಿಡಿಸಿಕೊಳ್ಳತೊಡಗಿದಳು. ಫೋನುಗಳ ನಡುವೆ ಕೂತಿದ್ದ ಅರುಣ್‌ಕುಮಾರ್ ಎಂಬುವರು, "ಅಧ್ಯಕ್ಷರು ಒಳಗವ್ರೆ ಮೇಡಂ, ಓಗಿ, ಅಪಾಯಿಂಟ್‌ಮೆಂಟ್ ಅಂತೆಲ್ಲ ಏನಿಲ್ಲ," ಅಂದರು.

ಅಧ್ಯಕ್ಷರೆಂದರೆ ಕೀರ್ತಿರಾಜ್. ಅರವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ಮೇಜಿನ ಮೇಲೆ ಚಾರ್ಜರುಗಳ ಗೋಜಲು, ಹಿಂದೆ ಗೋಡೆಯಲ್ಲಿ ಬುದ್ಧನ ಒಂದು ಚಿತ್ರ. ನಾನು ಕೂರುವಷ್ಟರಲ್ಲಿ ಸಿದ್ಧಿ ಮೇಜಿನ ತಟ್ಟೆಯಿಂದ ಉಗುರಿನಷ್ಟು ಗಾತ್ರದ ಕರಿ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡಿದ್ದಳು. ನಾನು ಚೀರಿ, ಬೆರಳು ಹಾಕಿ ಹೊರಗೆಳೆದೆ. ಹಳೇ ಫೋನುಗಳಿಗೆ ಹಾಕುವ ಮೆಮೊರಿ ಕಾರ್ಡು.

"ನುಂಗಿದ್ರೆ ಅವ್ಳಿಗೂ ಒಂದು ಪದವಿ ಕೊಡ್ತಿದ್ದೆ ಬಿಡಮ್ಮ," ಅಂದರು ಅವರು. "ನಮ್ಮಲ್ಲಿ ಒಂದು ಕಾಲಕ್ಕೆ ಅಷ್ಟೇ ಸಾಕಿತ್ತು."

ಅವರು ಆ ಕಾರ್ಡನ್ನು ಒರೆಸಿ ತಟ್ಟೆಗೆ ಹಾಕಿ, ಕೇಳದಿದ್ದರೂ ತಮ್ಮ ಕಥೆ ಶುರುಮಾಡಿದರು.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಅವರ ಊರು. ತಂದೆ ಸಣ್ಣಯ್ಯ, ತಾಯಿ ಮಾಯಮ್ಮ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವರು. ಕೀರ್ತಿರಾಜ್ ಹಾಸ್ಟೆಲಿನಲ್ಲಿದ್ದುಕೊಂಡು ಓದಿ, ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾದರು. ಪ್ರತಿ ವರ್ಷವೂ ಅವರ ತರಗತಿಯಲ್ಲಿ ಒಂದೇ ಸಂಗತಿ. ಅರಕಲಗೂಡು ಕಡೆಯಿಂದ ಬರುವ ಹುಡುಗಿಯರು ಮೊದಲು ಮುಂದಿನ ಬೆಂಚಿನಲ್ಲಿರುತ್ತಿದ್ದರು, ದಸರಾ ಹೊತ್ತಿಗೆ ಇರುತ್ತಿರಲಿಲ್ಲ. ವಿಚಾರಿಸಿದರೆ, ಸಂಜೆಯ ಬಸ್ಸು ಊರು ಮುಟ್ಟುವುದು ಕತ್ತಲಾದ ಮೇಲೆ, ಮನೆಯಲ್ಲಿ ಬೇಡವೆಂದರು ಅನ್ನುವ ಉತ್ತರ.

"ಹುಡುಗಿ ಯಾಕೆ ಬಸ್ ಹತ್ತಬೇಕು, ಪಾಠಾನೇ ಹತ್ತಲಿ ಅನ್ನಿಸ್ತು," ಅಂದರು.

ಅಡುಗೆಮನೆಯ ಗೋಡೆಗೆ ಹಾಸಿಗೆ ಒರಗಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ, ತಾವೇ ಪಾಠ ರೆಕಾರ್ಡ್ ಮಾಡಿದರು. ಆಗ ಹಳ್ಳಿಗಳಲ್ಲಿ ನೆಟ್‌ವರ್ಕ್ ಇರಲಿಲ್ಲ. ಪಾಠಗಳನ್ನು ಮೆಮೊರಿ ಕಾರ್ಡಿಗೆ ತುಂಬಿದರು. ಹಂಚುವುದು ಹೇಗೆ? ಹಳ್ಳಿಯಲ್ಲಿ ದಿನಕ್ಕೆರಡು ಸಲ ಹೆಚ್ಚುಕಡಿಮೆ ಪ್ರತಿ ಮನೆಯವರೂ ಹೋಗುವ ಜಾಗ ಹಾಲಿನ ಡೈರಿ. ಕೊಣನೂರು ಸುತ್ತಿನ ಡೈರಿಗಳಲ್ಲಿ ಹಾಲು ಅಳೆಯುವವರ ಕೈಗೆ ಕಾರ್ಡುಗಳ ಡಬ್ಬಿ ಕೊಟ್ಟರು. ಹಾಲು ಹಾಕಲು ಬಂದವರು ಮನೆಯ ಹುಡುಗಿಗೆ ಒಂದು ಕಾರ್ಡು ಒಯ್ಯಬೇಕು. ಪಾಠ ಮುಗಿದ ಮೇಲೆ ಅದನ್ನು ವಾಪಸು ಕೊಟ್ಟರೆ ಮುಂದಿನ ಪಾಠದ ಕಾರ್ಡು. ಅಷ್ಟೇ ನಿಯಮ.

ಕಾರ್ಡುಗಳು ತಪ್ಪದೆ ವಾಪಸು ಬಂದವು. ಅದೂ ಹೇಗೆ? ಕೆಲವು ಪೂರ್ತಿ ಖಾಲಿಯಾಗಿ, ಪಾಠವೆಲ್ಲ ಅಳಿಸಿ, ಸ್ವಚ್ಛವಾಗಿ. ಇನ್ನು ಕೆಲವದರಲ್ಲಿ ಪಾಠದ ಬದಲು ಬೇರೇನೋ ಇರುತ್ತಿತ್ತು. ಒಂದರಲ್ಲಿ ಸೋಬಾನೆ ಹಾಡು, ಇನ್ನೊಂದರಲ್ಲಿ ಹೊಸದಾಗಿ ಹುಟ್ಟಿದ ಕರುವಿನ ವಿಡಿಯೊ, ಮತ್ತೊಂದರಲ್ಲಿ ಯಾರದೋ ನಾಮಕರಣ. ಕೀರ್ತಿರಾಜ್ ಉಬ್ಬಿಹೋದರು. ಪಾಠ ಮುಗಿಸಿ, ಮೇಷ್ಟ್ರಿಗೆ ಪ್ರೀತಿಯ ಕಾಣಿಕೆ ಕಳಿಸುತ್ತಿದ್ದಾರೆ ಅಂದುಕೊಂಡರು. ಎಷ್ಟು ಕಾರ್ಡು ಬಂತೋ ಅಷ್ಟು ಪಾಠ ಮುಗಿಯಿತು ಅಂತ ಲೆಕ್ಕ. ಇಷ್ಟು ಅಗ್ಗಕ್ಕೆ, ಇಷ್ಟು ದೂರಕ್ಕೆ ಇಷ್ಟು ಜನರನ್ನು ಮುಟ್ಟಿದ ವಿದ್ಯೆ ಬೇರೆಲ್ಲೂ ಇಲ್ಲ ಅಂತ ಜನ ಕೊಂಡಾಡಿದರು. ಹೊದಿಸಿದ ಶಾಲುಗಳನ್ನು ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಹಣವಂತರು ಸೇರಿ ಟ್ರಸ್ಟ್ ಮಾಡಿದರು, ಮಾನ್ಯತೆ ಬಂತು, ವಿಶ್ವವಿದ್ಯಾಲಯವಾಯಿತು. ಕೀರ್ತಿರಾಜ್ ಮೇಷ್ಟ್ರ ಕೆಲಸ ಬಿಟ್ಟು ಅದರ ಅಧ್ಯಕ್ಷರಾದರು.

"ಆಮೇಲೆ?" ಅಂದೆ. ಆಮೇಲೇನೋ ಕೆಟ್ಟದ್ದಿದೆ ಅಂತ ನನಗೆ ಆಗಲೇ ಅನ್ನಿಸತೊಡಗಿತ್ತು.

"ಆಮೇಲೆ ಮಾನ್ಯತೆ ಕೊಟ್ಟ ದೊಡ್ಡೋರು ನೋಡಕ್ಕೆ ಬಂದ್ರು. ಕೊಣನೂರು ಪಕ್ಕದ ಹಳ್ಳಿಗೆ ನಾನೇ ಕರ್ಕೊಂಡೋದೆ. ಪಾಠ ಎಂಗಿತ್ತಮ್ಮ ಅಂತ ಒಂದು ಹುಡುಗೀನ ಕೇಳಿದ್ರು. 'ಕಾರ್ಡು ಜೋಪಾನವಾಗಿ ಮಡಗಿದ್ವಿ ಸಾ, ದೇವರ ಮುಂದೆ,' ಅಂದ್ಳು."

ಅವಳ ಮನೆಯಲ್ಲಿದ್ದ ಫೋನಿಗೆ ಕಾರ್ಡು ಹಾಕುವ ಜಾಗವೇ ಇರಲಿಲ್ಲ. ಕಾರ್ಡು ಹಿಡಿಯುವ ಫೋನಿದ್ದದ್ದು ಪಕ್ಕದ ಮನೆಯಲ್ಲಿದ್ದ ಅವಳ ಅಣ್ಣನ ಹತ್ತಿರ, ಅವನು ಕೊಡುತ್ತಿರಲಿಲ್ಲ. ಹಾಗಾದರೆ ಖಾಲಿ ಮಾಡಿದ್ದು ಯಾರು? ಅವಳ ತಾಯಿ ಮುಂದೆ ಬಂದು ಹೆಮ್ಮೆಯಿಂದ ಹೇಳಿದರಂತೆ: "ಸಂತೆಗೋದಾಗ ಮೊಬೈಲ್ ಅಂಗ್ಡೀಲಿ ಕ್ಲೀನ್ ಮಾಡುಸ್ಕೊಂಡು ಬಂದು ಕೊಟ್ಟಿದೀವಿ ಸಾ. ಒಂದ್ ಸಲ ಬರಿದೇ ಕೊಡಕ್ಕೆ ಮನಸ್ ಬರ್ನಿಲ್ಲ. ಅದ್ಕೆ ಸೋಬಾನೆ ಆಕ್ಸಿ ಕೊಟ್ವಿ."

ಪಾತ್ರೆ ಅಂಗಡಿಯ ಸೊಸೆಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನೆರೆಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಎಂಜಲು ಉಳಿಸಿ ಕೊಡುವುದುಂಟೇ? ತಿಕ್ಕಿ ತೊಳೆದು ಕೊಡುತ್ತೇವೆ. ಬರಿ ಪಾತ್ರೆ ಕೊಡಬಾರದು ಅಂತ ಒಂದು ಬೆಲ್ಲದಚ್ಚನ್ನೋ ನಾಲ್ಕು ಎಲೆಯನ್ನೋ ಹಾಕಿ ಕೊಡುತ್ತೇವೆ. ಆ ಹೆಂಗಸರು ಮೇಷ್ಟ್ರ ಕಾರ್ಡಿಗೂ ಅದೇ ಮರ್ಯಾದೆ ಮಾಡಿದ್ದರು. ಮೇಷ್ಟ್ರು ಆ ಮರ್ಯಾದೆಯನ್ನೇ ವಿದ್ಯೆ ಅಂತ ಎಣಿಸಿಕೊಂಡಿದ್ದರು.

"ನಾನೂ ಹಳ್ಳಿಯೋನೇ. ನಮ್ಮನೇಲೂ ಪಾತ್ರೆ ಹಂಗೇ ಕೊಡೋದು. ಹೊಳೀಲೇ ಇಲ್ಲ ನೋಡಮ್ಮ," ಅಂದರು. "ಮಾನ್ಯತೆ ಹೋಗೋದ್ರಲ್ಲಿತ್ತು. ಊರಿಗೆ ಹೋಗಿ ಅವ್ವನ ಹತ್ರ ಕೂತು ಕಣ್ಣೀರಿಟ್ಟೆ. 'ಪಾತ್ರೆ ವಾಪಸ್ ಬಂತು ಅಂದ್ರೆ ಉಂಡವ್ರೆ ಅಂತ ಎಂಗ್ಲಾ ಏಳ್ತೀಯ, ಉಂಡೋರ್ನ ಕೇಳು,' ಅಂದ್ಲು. ಈ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ."

ಆಮೇಲೆ ನೆಟ್‌ವರ್ಕ್ ಬಂತು, ಕಾರ್ಡು ಹೋಯಿತು, ಯಂತ್ರ ಬಂತು. ಎಲ್ಲವನ್ನೂ ಅವರೇ ಮುಂದೆ ನಿಂತು ತಂದರು. ಫೀಸು ಏರಿಸಲು ಮಾತ್ರ ಬಿಡಲಿಲ್ಲ. ಟ್ರಸ್ಟಿನ ಅಮರನಾಥ ಎಂಬುವರು ಈಗ, ಈ ಫೋನಿನ ಪರೀಕ್ಷೆ ಸಾಕು, ಅದನ್ನೂ ಯಂತ್ರವೇ ಮಾಡಲಿ ಅನ್ನುತ್ತಿದ್ದಾರಂತೆ.

ನಾನು ಬಂದ ವಿಷಯ ಹೇಳಿದೆ. "ಸರ್, ನನಗೆ ಬರೆಯೋ ಪರೀಕ್ಷೆ ಕೊಡಿ. ನಮ್ಮತ್ತೆ ಬಾಯಿಪಾಠ ಮಾಡಿಬಿಟ್ಟಿದ್ದಾರೆ."

ಅವರು ಜೋರಾಗಿ ನಕ್ಕರು. ಆಮೇಲೆ ನಗು ನಿಂತಿತು. "ಬಾಯಿಪಾಠದೋರನ್ನ ಹಿಡಿಯಕ್ಕೆ ನನ್ ಹತ್ರ ದಾರಿ ಇಲ್ಲಮ್ಮ."

"ಹಾಗಾದರೆ ಈ ಪರೀಕ್ಷೆ ಯಾಕೆ ಸರ್?"

"ಇದಕ್ಕಿಂತ ಒಳ್ಳೇದು ಹೊಳೀಲಿಲ್ಲ. ಅಮರನಾಥರು ಹೇಳೋದೇ ಸರಿಯೇನೋ. ಒಂದೊಂದು ದಿನ ಹಂಗೂ ಅನ್ನಿಸ್ತದೆ."

ಅಧ್ಯಕ್ಷರೇ ಹೀಗಂದರೆ ನಾನು ಯಾರನ್ನು ಹಿಡಿದುಕೊಳ್ಳಲಿ? ನನಗೆ ಅಳು ಬಂತು. ಅದನ್ನು ನೋಡಿ ಗಾಬರಿಯಾದರೋ ಏನೋ, "ಬೇರೆಯೋರನ್ನ ಆರಿಸ್ಕೊ ತಾಯಿ. ಬರೆಯೋ ಪರೀಕ್ಷೆ ಮಾತ್ರ ಆಗಲ್ಲ," ಅಂದರು. ನಾನು ಎದ್ದಾಗ ಬೆನ್ನ ಹಿಂದಿನಿಂದ ಮತ್ತೆ ಕೂಗಿ, "ನಮ್ಮವ್ವನ್ನ ಮಾತ್ರ ಬ್ಯಾಡ! ಅಧ್ಯಕ್ಷರ ತಾಯಿ ಅಂತ ಇಬ್ರು ಆರಿಸ್ಕೊಂಡಿದ್ರು, ಇಬ್ರೂ ಫೇಲು," ಅಂದರು.

ಬೇಡ ಎಂದದ್ದೇ ತಲೆಯಲ್ಲಿ ಕೂತಿತು. ಶ್ರೇಯಾಂಸ್ ವಾರಕ್ಕೊಮ್ಮೆ ಗೂಡ್ಸ್ ಆಟೊದಲ್ಲಿ ಪಾತ್ರೆ ತುಂಬಿಕೊಂಡು ಹೊಳೆನರಸೀಪುರಕ್ಕೆ ಹೋಗುತ್ತಾರೆ. ಆ ವಾರ ನಾನೂ ಮಗುವನ್ನೆತ್ತಿಕೊಂಡು ಹತ್ತಿದೆ. "ಫೇಲ್ ಮಾಡೋರನ್ನ ಹುಡುಕ್ಕೊಂಡು ಹೋಗೋಳನ್ನ ಇವತ್ತೇ ನೋಡ್ತಿರೋದು," ಅಂತ ಅವರು ದಾರಿಯುದ್ದಕ್ಕೂ ಗೊಣಗಿದರು. ಯಾಕೆ ಹೋಗುತ್ತಿದ್ದೇನೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹಳೇಕೋಟೆಯ ಮನೆಯಲ್ಲಿ ಮಾಯಮ್ಮ, ಅವರ ಕಿರಿಮಗ, ಸೊಸೆ ಶಾಂತಿ ಇದ್ದರು. ಜಗಲಿಯಲ್ಲಿ ಕೂತು ಅವರೇಕಾಯಿ ಸುಲಿಯುತ್ತಿದ್ದ ಮಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ ಕೀರ್ತಿ ಕಳ್ಸುದ್ನಾ?"

"ಇಲ್ಲಮ್ಮ, ಬೇಡ ಅಂದ್ರು. ನಾನೇ ಬಂದೆ."

"ಬ್ಯಾಡ ಅಂದ್ನಾ? ಆಗಾರೆ ಕುಂತ್ಕ." ಸೊಸೆಯ ಕಡೆ ತಿರುಗಿ, "ಶಾಂತಿ, ಕಾಪಿ ತತ್ತಾ. ಮೂರ್ನೇದು ಬಂದದೆ," ಅಂದರು.

ಪರೀಕ್ಷೆಗೆ ಕಾರಣವಾದ 'ಉಂಡೋರ್ನ ಕೇಳು' ಅನ್ನುವ ಮಾತು ನಿಮ್ಮದೇ ಅಂತೆ, ಹೌದಾ ಅಂದೆ. ಮಾಯಮ್ಮ ಹುಬ್ಬು ಗಂಟಿಕ್ಕಿದರು.

"ನಾನೆಲ್ಲಿ ಅಂದೆ? ಅತ್ಕೊಂಡ್ ಬಂದಿದ್ದ, ಉಣ್ಣು ಅಂದೆ. ಉಣ್ಣಕ್ಕಿಲ್ಲ ಅಂದ. ಅಷ್ಟೇಯ. ಮಿಕ್ಕಿದ್ದೆಲ್ಲ ಅವ್ನೇ ಅಂದ್ಕೊಂಡಿರ್ಬೇಕು."

ಹಾಗಾದರೆ ಆ ಮಾತು ಯಾರದು? ನನಗೆ ಕಸಿವಿಸಿಯಾಯಿತು. ಬಂದ ಕೆಲಸ ಮುಗಿಸೋಣ ಅಂತ ಪಾಠ ಶುರುಮಾಡಿದೆ. ಕವಡೆ ತರಿಸಿದರು, ಬಳಪದಲ್ಲಿ ಮನೆ ಬರೆದೆವು. ಸಿದ್ಧಿ ಕವಡೆಗೆ ಕೈ ಹಾಕಿದಾಗಲೆಲ್ಲ ನಾನು "ಬಾಯಿಗೆ ಬೇಡ, ಬಾಯಿಗೆ ಬೇಡ" ಅಂತ ಕಿರುಚುತ್ತಿದ್ದೆ.

"ಬುಡವ್ವ, ಅದೇನ್ ತಿನ್ನದ?" ಅಂದರು ಮಾಯಮ್ಮ. ಶಾಂತಿ ಮಗುವನ್ನು ಎತ್ತಿಕೊಂಡು ಕೋಳಿ ತೋರಿಸಲು ಹೋದರು. ಕೋಳಿ ಕುಕ್ಕಿದರೆ ಅಂತ ನನಗೆ ಇನ್ನೊಂದು ದಿಗಿಲು.

ಪ್ರತಿ ಎಸೆತವೂ ಹೊಸದು, ಕವಡೆಗೆ ನೆನಪಿಲ್ಲ ಅಂದೆ. ಮಾಯಮ್ಮ ಒಪ್ಪಲಿಲ್ಲ. ನನ್ನ ಕಾಯಿಯೊಂದನ್ನು ಹೊಡೆದು ಮನೆಗೆ ಕಳಿಸಿದರು. ಮತ್ತೆ ಹೇಳಿದೆ. ಮತ್ತೆ ಒಪ್ಪಲಿಲ್ಲ.

"ಇಸ್ಟೊತ್ತಿಂದ ಚೌಕ ಬೀಳ್ನಿಲ್ಲ. ಬೀಳ್ಬೇಕೋ ಬ್ಯಾಡ್ವೋ?"

"ಬೀಳಲೇಬೇಕು ಅಂತೇನಿಲ್ಲಮ್ಮ. ಕವಡೆಗೇನು ಗೊತ್ತು, ಹಿಂದೆ ಏನು ಬಿದ್ದಿತ್ತು ಅಂತ?"

ಮಾಯಮ್ಮ ಕವಡೆ ಹಿಡಿದ ಕೈಯನ್ನು ನನ್ನ ಮುಖದ ಮುಂದೆ ತಂದರು.

"ಕವಡೆಗೆ ಗ್ಯಾಪ್ಕ ಇಲ್ಲ, ಸರಿ. ಎಸೆಯೋ ಕೈಗೆ?"

ನಾನು ಆ ಕೈಯನ್ನೇ ನೋಡಿದೆ.

"ನಾಟಿ ಮಾಡಕ್ಕೆ ಓದಾಗ ಕೈ ತಾನಾಗ್ ತಾನೆ ಗೇಣಿಟ್ಕೊಂಡು ಓಯ್ತದೆ. ನಾನೇನ್ ಲೆಕ್ಕ ಆಕ್ತೀನಾ? ಕೈಗೆ ಗೊತ್ತು. ಈ ಕೈಯಲ್ಲಿ ಕವಡೆ ಮಾತ್ರ ಎಂಗೆ ಒಸ್ದಾಯ್ತದೆ? ಏಳು ಮತ್ತೆ."

ಅವರು ಹೇಳಿದ್ದು ಸರಿಯಲ್ಲ ಅಂತ ನನಗೆ ಅನ್ನಿಸುತ್ತಿತ್ತು, ಯಾಕೆ ಸರಿಯಲ್ಲ ಅಂತ ಮಾತ್ರ ಹೇಳಲಾಗುತ್ತಿರಲಿಲ್ಲ. ಕೈಗೆ ಪಳಗಿದ ವರಸೆಯಿದ್ದರೆ ನನ್ನ ಪಾಠವೇ ನಿಲ್ಲುವುದಿಲ್ಲ. ಇಲ್ಲದಿದ್ದರೆ ನಿಲ್ಲುತ್ತದೆ. ಇದೆಯೋ ಇಲ್ಲವೋ ಅಂತ ಪುಸ್ತಕ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಷ್ಟರಲ್ಲಿ ಅವರು ಎಸೆದರು. ಮೂರು ಬಿತ್ತು. ಚೌಕ ತಪ್ಪಿದ್ದಕ್ಕೆ ಕೈಯನ್ನೇ ಬೈದರು: "ಥೂ ನಿನ್ನ!"

"ಕೀರ್ತಿರಾಜ್ ಸರ್ ನಿಮಗೆ ಯಾವತ್ತೂ ಪಾಠ ಹೇಳಿಕೊಟ್ಟಿಲ್ವಾ ಅಮ್ಮ?"

"ಅವ್ನಾ? ಬತ್ತಾನೆ. ಬಂದೇಟ್ಗೆ 'ಅವ್ವ, ಈ ಪಾಠ ಎಂಗದೆ ನೋಡು' ಅಂತ ಪೋನ್ ಕೈಗ್ ಕೊಡ್ತಾನೆ. ಏನಾರ ಕೇಳ್ದೆ ಅನ್ಕೊ, ಅದನ್ನೂ ಪೋನ್‌ನೇ ಕೇಳು ಅಂತಾನೆ. ಪೋನು ಜಗಳ ಆಡಕ್ಕಿಲ್ಲ ಕಣವ್ವ. ಏನ್ ಬೈದ್ರೂ ಊಂ ಅಂತದೆ. ಅದ್ರ ತಾವ ಏನ್ ಮಾತು?" ಅವರೇಕಾಯಿ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಅಂಗಂತ ನನ್ ಮಗನ್ನ ಬೈಬ್ಯಾಡ. ಈ ಸೀಮೆ ಎಸ್ಟು ಎಣ್ಮಕ್ಳು ಅವ್ನ ಎಸ್ರೇಳ್ಕೊಂಡು ಅನ್ನ ತಿಂತಾವೆ."

ಹೊರಡುವಾಗ, "ನಿಮ್ಮ ಹೆಸರು ಕೊಡಲಾ?" ಅಂದೆ.

"ಕೊಡು. ಪೋನ್ ಬಂದ್ರೆ ನಂಗೆ ಇಡಿಸ್ನಿಲ್ಲ ಅಂತೀನಿ. ನಿನ್ ಮೊಕ ನೋಡಿ ಸುಳ್ಳೇಳಕಾಯ್ತದಾ?"

ಗೂಡ್ಸ್ ಆಟೊದಲ್ಲಿ ವಾಪಸು ಬರುವಾಗ ಮಾರದೆ ಉಳಿದ ಪಾತ್ರೆಗಳ ಸದ್ದಿನಲ್ಲಿ ಮಗು ನಿದ್ದೆ ಹೋಯಿತು. ನನಗೆ ಕೀರ್ತಿರಾಜ್ ಎಂಥ ಮನುಷ್ಯ ಅಂತಲೇ ತಿಳಿಯಲಿಲ್ಲ. ಅವರಿಲ್ಲದಿದ್ದರೆ ನನ್ನ ಓದು ಡಿಗ್ರಿಗೇ ನಿಲ್ಲುತ್ತಿತ್ತು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎಂ.ಎಸ್ಸಿ. ಓದಿಸುವ ಕಾಲೇಜು ಬೇರೆಲ್ಲಿದೆ? ಆದರೆ ಸ್ವಂತ ತಾಯಿಯ ಪ್ರಶ್ನೆಗೆ ಕೂತು ಉತ್ತರ ಕೊಡದವರು, ಊರವರಿಗೆಲ್ಲ ಕೂತು ಹೇಳಿಕೊಡಿ ಅನ್ನುವ ಪರೀಕ್ಷೆ ಇಟ್ಟಿದ್ದಾರೆ. ಅದಕ್ಕೇ ಇಟ್ಟರೋ? ತಮ್ಮಿಂದ ಆಗದ್ದು ನಮ್ಮಿಂದಾದರೂ ಆಗಲಿ ಅಂತ? ತಾಯಿ ಆಡದ ಮಾತನ್ನು ಅವರ ಹೆಸರಿಗೆ ಹಾಕಿದ್ದು ಸುಳ್ಳೋ, ಮರೆವೋ, ಪ್ರೀತಿಯೋ?

ಹೆಸರು ತಿಳಿಸಲು ಕೊನೆಯ ದಿನ ಬಂದೇಬಿಟ್ಟಿತು. ಸಂಜೆ, ನಮ್ಮ ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಅವಸರದಲ್ಲಿ ಅತ್ತೆ ಚಪಾತಿ ಬೇಯಿಸುತ್ತಿದ್ದರು. ಆಫೀಸು ಮುಚ್ಚುವುದರೊಳಗೆ ಫೋನ್ ಮಾಡಬೇಕು. ಶ್ರೇಯಾಂಸ್ ತಟ್ಟೆಯ ಮುಂದೆ ಕೂತು, "ಅಮ್ಮನ ಹೆಸರು ಕೊಟ್ಟು ಮುಗಿಸೇ. ಕೆಲಸಕ್ಕೆ ಸೇರು. ಆಮೇಲೆ ಬೇಕಾದಷ್ಟು ಚಿಂತೆ ಮಾಡು," ಅಂದರು.

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. "ಒಂದ್ಸಲ ಒಪ್ಪಿಸಿಬಿಡಿ ಅತ್ತೆ," ಅಂದೆ.

ಅತ್ತೆ ಲಟ್ಟಣಿಗೆ ನಿಲ್ಲಿಸದೆ ಶುರುಮಾಡಿದರು. ಒಂದಕ್ಷರ ತಪ್ಪಲಿಲ್ಲ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಉಸಿರು. ಕೊನೆಯ ಸಾಲು ಮುಗಿದಾಗ ನನ್ನ ಬಾಯಿಂದ ತಾನಾಗಿ ಬಂತು.

"ಅತ್ತೆ, ಕವಡೆಗೆ ನೆನಪಿಲ್ಲ ಸರಿ. ಎಸೆಯೋ ಕೈಗೆ ಇರುತ್ತಾ?"

ಲಟ್ಟಣಿಗೆ ನಿಂತಿತು.

"ಯಾರು ಕೇಳಿದ್ದು ಇದನ್ನ?"

"ಹಳೇಕೋಟೆ ಮಾಯಮ್ಮ."

"ನೋಡಿದ್ಯಾ!" ಅತ್ತೆ ಹಿಟ್ಟಿನ ಕೈಯನ್ನೇ ಗಲ್ಲಕ್ಕೆ ಹಚ್ಚಿಕೊಂಡರು. "ನಂಗೂ ಮೊದಲ ದಿನದಿಂದ ಅದೇ ಕೊರೀತಿತ್ತು ಕಣೆ. ಓದಿದ ಹುಡುಗಿ, ಹೇಳ್ತಿದ್ದಾಳೆ, ಯಾಕೆ ಅಡ್ಡ ಮಾತಾಡೋದು ಅಂತ ಸುಮ್ನಿದ್ದೆ. ನನ್ನ ಕೈಯಲ್ಲಿ ಹಿಟ್ಟಿಗೆ ಉಪ್ಪು ಯಾವತ್ತಾದ್ರೂ ಹೆಚ್ಚುಕಮ್ಮಿ ಆಗಿದ್ಯಾ? ಅಳತೆ ಮಾಡಿ ಹಾಕ್ತೀನಾ? ಕೈಗೆ ಗೊತ್ತಿರತ್ತೆ. ಆಯಮ್ಮ ಹೇಳಿದ್ದೇ ಸರಿ."

"ಸರಿಯಲ್ಲ ಅತ್ತೆ. ಅಂದ್ರೆ, ಉಪ್ಪು ಬೇರೆ. ತೆಂಗಿನ ಚಿಪ್ಪಿಗೆ ಹಾಕಿ ಕುಲುಕಿ ಎಸೆದ್ರೆ ಕೈಯದೇನೂ ನಡೆಯಲ್ಲ."

"ಯಾಕೆ ನಡೆಯಲ್ಲ? ಚಿಪ್ಪು ಕುಲುಕೋದು ಕೈ ತಾನೇ?"

"ಅಮ್ಮಾ, ಚಪಾತಿ ಸೀದುಹೋಯ್ತು," ಅಂದರು ಶ್ರೇಯಾಂಸ್. ಯಾರೂ ಕಿವಿಗೊಡಲಿಲ್ಲ. ಅವರೇ ಎದ್ದು ಒಲೆ ಆರಿಸಿ, "ಮುಗೀತು. ಇದ್ದೊಬ್ಬ ಕೇಳುಗರನ್ನೂ ಕೆಡಿಸಿಬಿಟ್ಟೆ," ಅಂತ ನನ್ನನ್ನು ದಿಟ್ಟಿಸಿದರು.

"ಕೆಟ್ಟಿದ್ದೇನೋ? ನಾಳೆ ತೆಂಗಿನ ಚಿಪ್ಪು ತಾರೆ ಜಿನಶ್ರೀ. ಎಸೆದೇ ನೋಡೋಣ. ಒಂದು ದಿನ ನೀನು ಕುಲುಕು, ಒಂದು ದಿನ ನಾನು. ನೀನು ಸರಿ ಅಂತಾದ್ರೆ ಒಪ್ಕೋತೀನಿ. ಇಲ್ಲ ಅಂದ್ರೆ ಫೋನ್ ಮಾಡಿದೋರಿಗೆ ಇಲ್ಲ ಅಂತಲೇ ಹೇಳೋಳು ನಾನು," ಅಂದರು ಅತ್ತೆ.

ಇವತ್ತು ಬೆಳಗ್ಗೆಯವರೆಗೆ ಖಾತ್ರಿಯಿದ್ದ ಕೆಲಸ ಈಗ ಅತ್ತೆಯ ಚಿಪ್ಪಿನಲ್ಲಿತ್ತು. ಅವರು ಒಪ್ಪುತ್ತಾರೋ ಇಲ್ಲವೋ ಹೇಗೆ ಹೇಳಲಿ? ಹಟ ಹಿಡಿದರೆ ಮೂರು ದಿನ ಮಾತು ಬಿಡುವ ಹೆಂಗಸು. ಚಿಪ್ಪಿನ ಮಾತೂ ನಾನು ಆ ಕ್ಷಣಕ್ಕೆ ಹುಡುಕಿಕೊಂಡದ್ದು. ಅದು ಗೆಲ್ಲುತ್ತದೋ ಸೋಲುತ್ತದೋ ನನಗೇ ಗೊತ್ತಿರಲಿಲ್ಲ. ಫೋನು ಎತ್ತಿಕೊಂಡು ಕೋಣೆಗೆ ಹೋದೆ, ಹೊರಗೆ ಬಂದೆ, ಮತ್ತೆ ಹೋದೆ. ಕಿಟಕಿಯಾಚೆ ಬೆಳಕು ಕಮ್ಮಿಯಾಗುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಯಾರೂ ಕೇಳದಿದ್ದರೂ ಮಗನಿಗೆ ವಿವರಿಸುತ್ತಿದ್ದರು, ಈ ಸಲ ಬಾಯಿಪಾಠದ ಮಾತಲ್ಲ, ಅವರದೇ ಮಾತು, ಅರ್ಧ ತಪ್ಪು, ಅರ್ಧ ಸರಿ.

ನಂಬರ್ ಒತ್ತಿದೆ. ಅರುಣ್‌ಕುಮಾರ್ ಎತ್ತಿದರು.

"ಬಾಗ್ಲು ಆಕ್ತಿದ್ದೆ ಮೇಡಂ. ಏಳಿ, ಕೇಳುಗರ ಎಸ್ರು?"

"ಚಕ್ರೇಶ್ವರಿ. ನಮ್ಮತ್ತೆ."

"ಎಲ್ಲಾ ಒಪ್ಸಿದೀರಿ ತಾನೆ? ಫೋನ್ ಯಾವಾಗ್ಲಾದ್ರೂ ಬರ್ಬೌದು."

"ಇಲ್ಲ," ಅಂದೆ. "ಕೇಳುಗರಾಗೋಕೆ ಒಪ್ಪಿದ್ದಾರೆ. ಪಾಠ ಇನ್ನೂ ಒಪ್ಪಿಲ್ಲ."

"ಅಂಗಾದ್ರೆ ಬರ್ಕೊಳ್ಲಾ ಬ್ಯಾಡ್ವಾ ಮೇಡಂ?"

"ಬರ್ಕೊಳ್ಳಿ," ಅಂದೆ.